ಕಂಬ ಸುತ್ತಿ ಬರುವ ವಿದ್ಯೆ

ಮೊನ್ನೆ ಹಲ್ಲಿನ ಡಾಕ್ಟರು ನನ್ನ ದವಡೆ ಹಲ್ಲಿನ ಕುಳಿಯೊಳಗೆ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟರು. ಮತ್ತೆ ನೋವು ಬಂದರೆ ಹೀಗೇ ಮಾಡಿಕೊಳ್ಳಿ ಎಂದು ಒಂದು ಪುಟ್ಟ ಶೀಶೆಯನ್ನೂ ಕೊಟ್ಟರು. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ನನಗೆ ನಗು ಬಂತು. ಡಾಕ್ಟರು ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದರು. ಆ ಕ್ಷಣ ನನ್ನ ಕಣ್ಣ ಮುಂದೆ ನಿಂತಿದ್ದವರು ಅವರಲ್ಲ, ನಮ್ಮ ಮಾಸ್ತರರು ಎಂದು ಅವರಿಗೆ ಹೇಗೆ ಹೇಳಲಿ... ಬಾಯಲ್ಲಿ ಸದಾ ಒಂದು ಲವಂಗ, ಸಡಿಲ ಬಿಳಿ ಪೈಜಾಮ, ಹೊಟ್ಟೆಯ ಮೇಲೆ ಬಿಗಿದ ಬನಿಯನ್, ಕೆರೆಗೆ ಇಳಿಯುವ ಎಮ್ಮೆಯಂತೆ ಯೋಚಿಸಿ ಯೋಚಿಸಿ ಇಡುವ ಹೆಜ್ಜೆ.

ಮಾಸ್ತರರು ಎಂದರೆ ಶಾಲೆಯ ಮಾಸ್ತರರಲ್ಲ. ಪುಣೆಯ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಗದಗ ಕಡೆಯ ವ್ಯಾಪಾರಿ. ಅಂಗಡಿ ತೆರೆಯುವ ಮುಂಚೆ, ಮದುವೆ ಮುಹೂರ್ತಗಳಿಲ್ಲದ ದಿನ, ನಮ್ಮ ಓಣಿಯ ಹಿಂದಿನ ಮಂಗಲ ಕಾರ್ಯಾಲಯದಲ್ಲಿ ತೈ-ಚಿ ಎಂಬ ಚೀನಾದ ಹಳೆಯ ಕಾಳಗದ ವಿದ್ಯೆ ಕಲಿಸುತ್ತಿದ್ದರು. ಅದನ್ನು ಅವರು ಕಲಿತದ್ದು ಕ್ಯಾಂಪ್ ಎನ್ನುವ ಪುಣೆಯ ದಂಡು ಪ್ರದೇಶದಲ್ಲಿದ್ದ ಒಬ್ಬ ಚೀನೀ ಹಲ್ಲಿನ ಡಾಕ್ಟರ ಹತ್ತಿರ. ಹರೆಯದಲ್ಲಿ ಮಾಸ್ತರರ ಹಲ್ಲುಗಳೆಲ್ಲ ಪೇಡೆ ತಿಂದು ಕೆಟ್ಟಿದ್ದವಂತೆ. ಹತ್ತಿ ಕಚ್ಚಿಕೊಂಡು ಕೂತ ಈ ಹುಡುಗನಿಗೆ ಬೇಸರವಾಗಬಾರದೆಂದು ಆ ಡಾಕ್ಟರು ತಮ್ಮ ಸಣ್ಣ ಕೋಣೆಯಲ್ಲೇ ಕೈಕಾಲು ಆಡಿಸಿ ತೋರಿಸುತ್ತಿದ್ದರು. ಬಾಯಿ ತುಂಬ ಹತ್ತಿ ಇದ್ದುದರಿಂದ ಪ್ರಶ್ನೆ ಕೇಳುವಂತಿರಲಿಲ್ಲ, ಸುಮ್ಮನೆ ನೋಡಬೇಕಿತ್ತು, ಅದಕ್ಕೇ ವಿದ್ಯೆ ಹತ್ತಿತು ಎಂದು ಮಾಸ್ತರರು ಹೇಳುತ್ತಿದ್ದರು. ಲವಂಗದ ಚಟವೂ ಅಲ್ಲಿಂದಲೇ ಹತ್ತಿದ್ದು.

ನಾನು ಅವರ ಹತ್ತಿರ ಹೋದದ್ದು ಆರೋಗ್ಯಕ್ಕಲ್ಲ, ಸೇಡಿಗೆ. ಒಂದು ಬೆಳಿಗ್ಗೆ ಹಾಲು ತರಲು ಹೊರಟಾಗ ಹಿಂದಿನಿಂದ ಬೈಕಿನಲ್ಲಿ ಬಂದವನೊಬ್ಬ ನನ್ನ ಕೊರಳಿಗೆ ಕೈ ಹಾಕಿ ಮಂಗಳಸೂತ್ರ ಕಿತ್ತುಕೊಂಡು ಹೋಗಿದ್ದ. ಅಸಲಿಯದು ಬ್ಯಾಂಕಿನ ಲಾಕರಿನಲ್ಲಿತ್ತು. ಅವನಿಗೆ ಸಿಕ್ಕಿದ್ದು ಸಂತೆಯಲ್ಲಿ ಕೊಂಡ ಬಂಗಾರದ ನೀರಿನದು. ಪಾಪ, ಕಳ್ಳನಿಗೆ ಮೋಸವಾಯಿತು ಎಂದು ನಮ್ಮವರು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಾನೂ ನಕ್ಕೆ. ಆದರೆ ಅಂದಿನಿಂದ ರಸ್ತೆಯಲ್ಲಿ ಬೈಕಿನ ಸದ್ದು ಕೇಳಿದರೆ ಸಾಕು, ನನ್ನ ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು, ಕಾಲು ಅಲ್ಲೇ ಸ್ತಬ್ಧವಾಗುತ್ತಿತ್ತು. ಪುಣೆಯಲ್ಲಿ ಬೈಕಿನ ಸದ್ದು ಕೇಳದ ರಸ್ತೆ ಎಲ್ಲಿದೆ? ವಿಜಯಪುರದಿಂದ ಮದುವೆಯಾಗಿ ಬಂದು, ಸಿಟಿ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದು ಊರೆಲ್ಲ ತಿರುಗಿದವಳು, ಕೊತ್ತಂಬರಿ ತರಲೂ ಗಂಡನ ಸ್ಕೂಟರಿನ ಹಿಂದೆ ಕೂರುವಂತಾದೆ. ಇದನ್ನು ನನಗೆ ಸಹಿಸಲಾಗಲಿಲ್ಲ. ಆ ಕಳ್ಳ ಇನ್ನೊಮ್ಮೆ ಸಿಕ್ಕರೆ ಅವನ ಹಲ್ಲು ಉದುರಿಸಬೇಕು, ಮತ್ತೆ ಒಬ್ಬಳೇ ತಿರುಗಬೇಕು ಎಂದು ಹಟ ಹಿಡಿದು ತೈ-ಚಿಗೆ ಸೇರಿದೆ.

ಮೊದಲ ದಿನವೇ ನನಗೆ ಗೊತ್ತಾಯಿತು, ಈ ವಿದ್ಯೆಯಿಂದ ಕಳ್ಳನ ಹಲ್ಲು ಉದುರುವುದಿಲ್ಲ. ನಾವು ಹೊಡೆಯುವಷ್ಟರಲ್ಲಿ ಅವನಿಗೇ ವಯಸ್ಸಾಗಿ ಉದುರಿದರೆ ಉಂಟು. ಅಷ್ಟು ನಿಧಾನ. ಜೊತೆಗಿದ್ದವರೂ ಅಂಥವರೇ. ಉಡುಪಿ ಕಡೆಯ ಹೋಟೆಲಿನ ಶೆಟ್ಟರಿಗೆ ಒಂದು ಕಣ್ಣು ಗಡಿಯಾರದ ಮೇಲೆ, ಉಪ್ಪಿಟ್ಟಿನ ಹೊತ್ತು ಮೀರಬಾರದು. ಹಿಂಜವಾಡಿಯ ಕಂಪನಿಯೊಂದರಲ್ಲಿದ್ದ ಬೆಂಗಳೂರಿನ ತರುಣನ ಕೈಯಲ್ಲಿ ನಾಡಿ ಎಣಿಸುವ ವಾಚು. ನಾವು ಬೆವರು ಸುರಿಸಿದ ಇಡೀ ತಾಸನ್ನು ಆ ವಾಚು ನಿದ್ದೆಯ ಖಾತೆಗೆ ಹಾಕುತ್ತಿತ್ತು. ಮಾಸ್ತರರು ಬರುವುದೇ ತಡವಾಗಿ, ಬಂದ ಮೇಲೆ ಒಂದು ಚಹಾ, ಮುಗಿದ ಮೇಲೆ ಶೆಟ್ಟರ ಹೋಟೆಲಿನಲ್ಲಿ ಇನ್ನೊಂದು ಚಹಾ. ವರಸೆಗಳ ಚೀನೀ ಹೆಸರುಗಳು ನಮ್ಮ ಬಾಯಲ್ಲಿ ನಿಲ್ಲದಿದ್ದಾಗ ಅವರು ಅಂಗಡಿಯ ಹೆಸರು ಕೊಟ್ಟರು. ಎರಡೂ ಕೈ ಅಗಲಿಸುವುದು ಸೀರೆ ಹರವುವುದು. ಕೈ ಒಳಕ್ಕೆ ತರುವುದು ಗಿರಾಕಿ ಕರೆಯುವುದು. ಸುತ್ತಿ ಬಾಗುವುದು ಬಟ್ಟೆಯ ಥಾನು ಮಡಚುವುದು. ನಾನು ಮಾತ್ರ ವಾರಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದೆ.

"ಮಾಸ್ತರ, ಹೊಡಿಯೋದು ಯಾವಾಗ ಕಲಸ್ತೀರಿ?"

"ಮೊದಲ ನಿಂದ್ರೂದು ಕಲೀರಿ ಅಕ್ಕಾರ. ಹೊಡಿಯೋದು ಆಮ್ಯಾಲ ನೋಡೂಣು."

ಇನ್ನು ಕಂಬದ ವಿಷಯ. ಆ ಕಾರ್ಯಾಲಯದ ಸಭಾಂಗಣದ ನಟ್ಟನಡುವೆ ಒಂದು ದಪ್ಪ ಕಂಬ. ಫೋಟೋಗ್ರಾಫರುಗಳು ಶಪಿಸುತ್ತಿದ್ದ ಕಂಬ, ಅದರ ಹಿಂದೆ ಕೂತ ನೆಂಟರು ಮದುವೆಯನ್ನೇ ನೋಡಿಲ್ಲ. ಅದಕ್ಕೆ ಯಾವಾಗಲೂ ಹಿಂದಿನ ಮದುವೆಯ ಒಣಗಿದ ಚೆಂಡುಹೂವಿನ ಒಂದೆರಡು ಎಳೆ ಅಂಟಿರುತ್ತಿದ್ದವು. ಸೀರೆ ಹರವಿ ಮುಂದೆ ಬಂದರೆ ಎದುರಿಗೆ ಕಂಬ. ಆಗ ಎಡಗಾಲನ್ನು ಪಕ್ಕಕ್ಕಿಟ್ಟು, ಸೊಂಟ ತಿರುಗಿಸಿ, ಬಲ ಅಂಗೈಯನ್ನು ಕಂಬದ ಮೇಲೆ ಮೆಲ್ಲಗೆ ಸವರುತ್ತ ಸುತ್ತಿ ಬಂದು, ಆಚೆ ಥಾನು ಮಡಚಬೇಕು. ಮಾಸ್ತರರು ಎಲ್ಲಕ್ಕಿಂತ ಚೆಂದ ಮಾಡುತ್ತಿದ್ದದ್ದು ಇದನ್ನೇ. ಆ ಭಾರದ ದೇಹ ಅಲ್ಲಿ ಹೇಗೆ ಅಷ್ಟು ಹಗುರಾಗುತ್ತಿತ್ತೋ... ಅವರ ಕೈ ಸವರಿದ ಎತ್ತರಕ್ಕೆ ಕಂಬದ ಬಣ್ಣವೇ ಮಾಸಿ ಒಂದು ಪಟ್ಟಿಯಾಗಿತ್ತು. ನಾವೆಲ್ಲ ಒಬ್ಬರ ಹಿಂದೊಬ್ಬರು ಹಾಗೆಯೇ ಸವರಿ ಸುತ್ತುತ್ತಿದ್ದೆವು. ವಿದ್ಯೆ ಇರುವುದೇ ಹೀಗೆ ಎಂದು ನಂಬಿದ್ದೆವು.

ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ ನಾವು ಹಿಂಜವಾಡಿಗೆ ಹೋದೆವು. ವಾಚಿನ ತರುಣನ ಕಂಪನಿಯಲ್ಲಿ ಆರೋಗ್ಯ ದಿನವಂತೆ, ಹುಲ್ಲುಹಾಸಿನ ಮೇಲೆ ಪ್ರದರ್ಶನ ಕೊಡಬೇಕಂತೆ. ಮಾಸ್ತರರು ಅಂಗಡಿಯಿಂದ ಎಲ್ಲರಿಗೂ ಒಂದೇ ಥಾನಿನ ಬಟ್ಟೆ ಕೊಟ್ಟು ಅಂಗಿ ಹೊಲಿಸಿದರು. ನೀಲಿಯ ಮೇಲೆ ಸಣ್ಣ ಸಣ್ಣ ಮಾವಿನಕಾಯಿ. ಬಾಡಿಗೆ ಕ್ಯಾಬಿನಿಂದ ಇಳಿದಾಗ ನಮ್ಮನ್ನು ಯಾರೋ ಪರದೆಯ ಬಟ್ಟೆ ಮಾರುವವರೆಂದು ತಿಳಿದು ಹಿಂದಿನ ಗೇಟಿಗೆ ಕಳಿಸಿದರು.

ಹುಲ್ಲುಹಾಸು ವಿಶಾಲವಾಗಿತ್ತು, ಬೋಳಾಗಿತ್ತು. ಮಾಸ್ತರರು ಮುಂದೆ, ನಾವು ಹಿಂದೆ. ಸೀರೆ ಹರವಿದೆವು, ಗಿರಾಕಿ ಕರೆದೆವು. ಆಮೇಲೆ ಎಲ್ಲರೂ ಎಡಗಾಲು ಪಕ್ಕಕ್ಕಿಟ್ಟು, ಸೊಂಟ ತಿರುಗಿಸಿ, ಇಲ್ಲದ ಕಂಬವನ್ನು ಅಂಗೈಯಿಂದ ಪ್ರೀತಿಯಾಗಿ ಸವರುತ್ತ, ಒಬ್ಬರ ಹಿಂದೊಬ್ಬರು ಸುತ್ತಿ ಬಂದೆವು. ಶೆಟ್ಟರಂತೂ ಕಂಬಕ್ಕೆ ಹೊಟ್ಟೆ ತಾಗಬಾರದೆಂದು ಉಸಿರು ಬಿಗಿಹಿಡಿದಿದ್ದರು. ಜನ ಚಪ್ಪಾಳೆ ತಟ್ಟಿದರು. ಅಲ್ಲಿ ಪರದೇಶದಲ್ಲಿ ಕಲಿತು ಬಂದ ತರಬೇತುದಾರನೊಬ್ಬನಿದ್ದ. ಆತ ಕೈ ಮುಗಿದು, ಬಹಳ ವಿನಯದಿಂದಲೇ ಹಿಂದಿಯಲ್ಲಿ ಕೇಳಿದ: ಆ ಸುತ್ತಿ ಬರುವ ವರಸೆ ಯಾವ ಪರಂಪರೆಯದು, ನಾನು ಎಲ್ಲೂ ನೋಡಿಲ್ಲವಲ್ಲ? ಮಾಸ್ತರರು ಉತ್ತರಿಸಲು ಬಾಯಿ ತೆರೆದವರು ಹಿಂತಿರುಗಿ ಹುಲ್ಲುಹಾಸನ್ನು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಅವರು ಅವಸರದಿಂದ ನಡೆದದ್ದನ್ನು ನಾನು ನೋಡಿದ್ದು ಅವತ್ತೇ, ಕ್ಯಾಬಿನ ಕಡೆಗೆ. ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕ್ಯಾಬು ನಮ್ಮ ತೈ-ಚಿಯ ವೇಗದಲ್ಲೇ ಚಲಿಸಿತು.

ಮರುದಿನ ಬೆಳಿಗ್ಗೆ ಅವರೇ ಹೇಳಿದರು. ಚೀನೀ ಡಾಕ್ಟರು ತಮ್ಮ ಇಕ್ಕಟ್ಟಾದ ಕೋಣೆಯಲ್ಲಿ ಹಲ್ಲು ಕೀಳುವ ಕುರ್ಚಿಯನ್ನು ಸುತ್ತಿ ಹೋಗುತ್ತಿದ್ದರು, ಅದರ ಹಿಡಿಕೆ ತಾಗಬಾರದೆಂದು ಅಂಗೈ ಸವರುತ್ತಿದ್ದರು. ಇವರು ಅದನ್ನೂ ವರಸೆ ಎಂದೇ ತಿಳಿದರು. ಇಲ್ಲಿಗೆ ಬಂದಾಗ ಸರಿಯಾಗಿ ಅದೇ ಜಾಗದಲ್ಲಿ ಕಂಬ ಇದ್ದದ್ದನ್ನು ಕಂಡು, ದೇವರೇ ಒದಗಿಸಿಕೊಟ್ಟ ಎಂದು ಸಂತೋಷಪಟ್ಟಿದ್ದರಂತೆ. ನಾವು ನಕ್ಕೆವು, ಅವರು ನಗಲಿಲ್ಲ. ಇನ್ನು ಮೇಲೆ ಸುತ್ತು ಬೇಡ, ನೆಟ್ಟಗೆ ಹೋಗೋಣ ಎಂದರು.

ನೆಟ್ಟಗೆ ಹೋದರೆ ಕಂಬಕ್ಕೆ ಡಿಕ್ಕಿ. ಅದಕ್ಕೆ ಎಲ್ಲರನ್ನೂ ಗೋಡೆಯ ಬದಿಗೆ ಸರಿಸಿದರು. ಅಲ್ಲಿ ಕಂಬವಿರಲಿಲ್ಲ, ಆದರೆ ಕಾಲುಗಳು ಕೇಳಬೇಕಲ್ಲ? ಆ ಜಾಗ ಬಂದೊಡನೆ ಅರ್ಧ ಜನ ಸುತ್ತುತ್ತಿದ್ದರು, ಅರ್ಧ ಜನ ನೆಟ್ಟಗೆ ಹೋಗುತ್ತಿದ್ದರು. ನನ್ನ ಮೊಣಕೈ ಶೆಟ್ಟರ ಮೂಗಿಗೆ ಬಡಿದ ದಿನ, ಅಂತೂ ಹೊಡೆಯಲು ಕಲಿತಿರಿ ಎಂದು ಅವರು ಕಣ್ಣೊರೆಸಿಕೊಂಡು ಹೇಳಿದರು. ಮಾಸ್ತರರು ಅದಕ್ಕೂ ನಗಲಿಲ್ಲ. ಚಹಾಕ್ಕೆ ಬರುವುದನ್ನು ಬಿಟ್ಟರು. ಒಂದು ದಿನ, ತಪ್ಪು ಕಲಿಸಿದವ ಮಾಸ್ತರ ಹೇಗಾದಾನು, ಈ ತಿಂಗಳಿಗೆ ವರ್ಗ ಮುಗಿಸಿಬಿಡುತ್ತೇನೆ ಎಂದರು. ನಾನಿನ್ನೂ ಹೊಡೆಯುವುದನ್ನಂತೂ ಕಲಿತಿರಲಿಲ್ಲ, ಆ ಕಾರ್ಯಾಲಯವೂ ಹೋದರೆ ಮನೆಯಿಂದ ಹೊರಗೆ ಕಾಲಿಡಲು ನನಗಿದ್ದ ಒಂದೇ ನೆಪವೂ ಹೋಗುತ್ತಿತ್ತು. ಅಷ್ಟು ಹತ್ತಿರದ ದಾರಿಗೂ ಆಗ ನಮ್ಮವರೇ ಗೊಣಗುತ್ತ ಸ್ಕೂಟರಿನಲ್ಲಿ ಬಿಡುತ್ತಿದ್ದರು.

ಆ ವಾರವೇ ನಮ್ಮವರಿಗೆ ಜ್ವರ ಬಂತು. ಇನ್ನುಳಿದ ದಿನಗಳೇ ಕೆಲವು, ಅವನ್ನೂ ಕಳೆದುಕೊಳ್ಳಬಾರದೆಂದು ಒಬ್ಬಳೇ ಹೊರಟೆ. ಬಸವಣ್ಣನನ್ನೂ ಗಣಪತಿಯನ್ನೂ ಒಟ್ಟಿಗೆ ಕರೆದುಕೊಂಡು ನಡೆದೆ. ಓಣಿಯ ತಿರುವಿನಲ್ಲಿ ಹಿಂದಿನಿಂದ ಬೈಕು ಬಂತು. ನನ್ನ ಹತ್ತಿರ ಬಂದು ವೇಗ ತಗ್ಗಿಸಿತು. ಆಮೇಲೆ ನಡೆದದ್ದನ್ನು ನಾನು ಮಾಡಿದೆ ಎನ್ನಲಾರೆ. ಎಡಗಾಲು ಪಕ್ಕಕ್ಕೆ ಹೋಯಿತು, ಸೊಂಟ ತಿರುಗಿತು, ಬಲ ಅಂಗೈ ಗಾಳಿಯನ್ನು ಸವರುತ್ತ ಬಂತು, ನೋಡಿದರೆ ನಾನು ಬೈಕಿನವನಿಗೆ ಎದುರಾಗಿ ಗಟ್ಟಿಯಾಗಿ ನಿಂತಿದ್ದೆ. ಅವನು ಹೆದರಿ ಬ್ರೇಕು ಹಾಕಿದ. ಹಿಂದಿನ ಸೀಟಿನಲ್ಲಿ ಚೆಂಡುಹೂವಿನ ಎರಡು ಮೂಟೆ ಕಟ್ಟಿಕೊಂಡಿದ್ದ ಹೂವಿನವನು. ಕಾಕೂ, ನಾಳೆಯ ಮದುವೆಯ ಹೂವು, ಮಂಗಲ ಕಾರ್ಯಾಲಯ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ದಾರಿ ತೋರಿಸಲು ಕೈ ಎತ್ತಿದಾಗ ನನಗೆ ಹೊಳೆಯಿತು, ಆ ಕೈ ಇಷ್ಟು ಹೊತ್ತೂ ಕೊರಳಿಗೆ ಹೋಗಿರಲೇ ಇಲ್ಲ.

ಕಾರ್ಯಾಲಯಕ್ಕೆ ಓಡುತ್ತಲೇ ಹೋದೆ. ಮಾಸ್ತರರು ಗೋಡೆಗೆ ಒರಗಿ ಕೂತಿದ್ದರು. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಅವರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು.

"ಯಾವ ಕಾಲು ಮೊದಲ ಇಟ್ರಿ ಅಕ್ಕಾರ?"

"ಎಡಗಾಲು."

"ಅಂಗೈ?"

"ಸವರಿದೆ ಮಾಸ್ತರ. ಅಲ್ಲೇನೂ ಇರಲಿಲ್ಲ, ಆದರೂ ಸವರಿದೆ."

ಅವರು ಎದ್ದರು. ಮೊಣಕಾಲಿನ ಮೇಲೆ ಕೈಯೂರಿ, ಎಂದಿನಂತೆ ನಿಧಾನವಾಗಿ. ಹೋಗಿ ಕಂಬದ ಎದುರು ತಮ್ಮ ಹಳೆಯ ಜಾಗದಲ್ಲಿ ನಿಂತರು.

"ಹಂಗಾದ್ರ ಕಂಬ ಇರವಲ್ದ್ಯಾಕ ಬಿಡ್ರಿ," ಎಂದರು.

ಅವತ್ತು ಶೆಟ್ಟರ ಹೋಟೆಲಿನಲ್ಲಿ ಅವರು ಎರಡು ಪ್ಲೇಟು ಉಪ್ಪಿಟ್ಟು ತಿಂದರು. ಆ ಮೇಲೆ ನಮ್ಮವರ ಸ್ಕೂಟರು ಬೆಳಿಗ್ಗೆ ನನಗಾಗಿ ಹೊರಬೀಳಲಿಲ್ಲ. ನಾನೊಬ್ಬಳೇ ತರಕಾರಿ ಮಂಡಿಗೆ ಹೋದೆ, ಲೋಕಲ್ ರೈಲು ಹಿಡಿದು ಲೋಣಾವಳಾಕ್ಕೆ ಹೋಗಿ ಚಿಕ್ಕಿ ತಂದೆ, ಬೇಕಿರಲಿಲ್ಲ, ಆದರೂ ತಂದೆ. ಹೊಡೆಯುವುದನ್ನು ಮಾತ್ರ ಮಾಸ್ತರರು ಕೊನೆಯವರೆಗೂ ಕಲಿಸಲಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೆ.

ಈಗ ಕಾರ್ಯಾಲಯವಿಲ್ಲ. ಕೆಡವಿ ಅಲ್ಲಿ ಎತ್ತರದ ಕಟ್ಟಡ ಏಳುತ್ತಿದೆ. ಕೆಡವುವ ಮೊದಲೇ ಮಾಸ್ತರರು ಹೋದರು. ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಗಾದಿಯ ಮೇಲೆ ಒರಗಿದವರು ಏಳಲಿಲ್ಲ. ಗಿರಾಕಿಗಳು ಮಲಗಿದ್ದಾರೆಂದು ತಿಳಿದು ಮೆಲ್ಲಗೆ ಮಾತಾಡಿದರಂತೆ... ಅವರಿಲ್ಲದೆ ಏನೋ ಕಳೆದಂತೆ ಅನಿಸುವುದು ನನಗೆ ಇನ್ನೂ ನಿಂತಿಲ್ಲ. ನಾವು ಉಳಿದವರು ಓಣಿಯ ಉದ್ಯಾನದಲ್ಲಿ ಸೇರುತ್ತೇವೆ. ಮುಂದೆ ನಿಲ್ಲುವವಳು ನಾನು.

ಇವತ್ತು ಬೆಳಿಗ್ಗೆ ಹಲ್ಲು ನೋಯುತ್ತಿತ್ತು. ಲವಂಗದ ಎಣ್ಣೆಯ ಹತ್ತಿ ಕಚ್ಚಿಕೊಂಡೇ ಉದ್ಯಾನಕ್ಕೆ ಹೋದೆ. ಬೆಂಗಳೂರಿನಿಂದ ಬಂದ ಹೊಸ ಹುಡುಗಿಯೊಬ್ಬಳು ಮೊದಲ ಸಲ ಬಂದಿದ್ದಳು. ಸೀರೆ ಹರವಿದ ಮೇಲೆ ನಾವೆಲ್ಲ ಸುತ್ತಿ ಬರುವುದನ್ನು ಕಂಡು, ಇಲ್ಲಿ ಯಾಕೆ ನೆಟ್ಟಗೆ ಹೋಗಲ್ಲ ಆಂಟಿ ಎಂದು ಕೇಳಿದಳು. ಬಾಯಲ್ಲಿ ಹತ್ತಿ. ಹೇಳುವಂತಿರಲಿಲ್ಲ. ಸುಮ್ಮನೆ ಅವಳ ಬಲಗೈ ಹಿಡಿದು, ಆ ಹಳೆಯ ಕಂಬದ ಮೇಲೆ ಮಾಸಿದ ಪಟ್ಟಿ ಇದ್ದ ಎತ್ತರಕ್ಕೆ ಗಾಳಿಯಲ್ಲಿ ಎತ್ತಿ ಇಟ್ಟೆ. ಅವಳು ನನ್ನ ಕಾಲು ನೋಡಿದಳು, ಎಡಗಾಲು ಪಕ್ಕಕ್ಕಿಟ್ಟಳು, ಏನನ್ನೂ ತಾಗಿಸದೆ ಚೆಂದವಾಗಿ ಸುತ್ತಿ ಆಚೆ ಬಂದಳು. ಲವಂಗದ ವಾಸನೆ ಮೂಗಿಗೆ ಏರಿತು. ನನ್ನ ಕಣ್ಣಲ್ಲಿ ನೀರು ಬಂತು.

"ಹಲ್ಲು ತುಂಬಾ ನೋಯ್ತಿದೆಯಾ ಆಂಟಿ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.