ಮಡಚದ ಕಾಲು, ಕುಂಭೋಜದ ಗುಡ್ಡ

ಕುಂಭೋಜದ ಗುಡ್ಡದ ಬುಡದಲ್ಲಿ ಕೂತು ಚಿತ್ರ ಬರೆಯುತ್ತಿದ್ದೆ. ಎದ್ದು ಮೆಟ್ಟಿಲು ಹತ್ತಬೇಕೆಂದುಕೊಂಡೆ.

ಏಳಲಾಗಲಿಲ್ಲ.

ಬಲಗಾಲಿನ ಮೊಣಕಾಲು ಊದಿತ್ತು. ಮುಟ್ಟಿದರೆ ಬಿಸಿ. ಆ ವರ್ಷ ನಾನು ನಮ್ಮೂರು ಸಮಡೋಳಿಯಿಂದ ವಾರಣಾ ನದಿ ದಾಟಿ ಗುಡ್ಡದ ಬಸದಿಗೆ ಹೋಗುವ ಕಾಲುದಾರಿಯ ಚಿತ್ರಗಳನ್ನು ಬರೆಯುತ್ತಿದ್ದೆ. ನಮ್ಮ ಜೈನ ಹಿರಿಯರು ತಲೆತಲಾಂತರದಿಂದ ದರ್ಶನಕ್ಕೆ ನಡೆದು ನಡೆದು ಅಲ್ಲಿಯ ಕಲ್ಲುಗಳೇ ನುಣುಪಾಗಿವೆ. ಸಾಂಗ್ಲಿಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ಅಪ್ಪ ಕಲಿಸಿದ ವಿದ್ಯೆ, ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಹೊಳೆ, ಹೊಲ, ಬುಡದ ಮೆಟ್ಟಿಲು ಎಲ್ಲ ಮುಗಿದಿದ್ದವು. ಗುಡ್ಡದ ತುದಿಯದೊಂದೇ ಉಳಿದಿತ್ತು.

ಮನೆಯಲ್ಲಿ ಅತ್ತೆ ಅರಿಶಿನ ಸುಣ್ಣ ಹಚ್ಚಿ ಕಟ್ಟಿದರು. ಬಾವು ಇಳಿಯಲಿಲ್ಲ. ತೊಡೆ ಸೊರಗುತ್ತ ಹೋಯಿತು. ಕೊನೆಗೆ ನಮ್ಮ ಮನೆಯವರು ಅರಿಶಿನದ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಟಾಂಗಾದಲ್ಲಿ ನನ್ನನ್ನು ಮಿರಜದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಎಕ್ಸ್‌ರೇ ತೆಗೆದರು. ಬೆಳಗಾವಿ ಕಡೆಯ ಡಾಕ್ಟರೊಬ್ಬರು ಕನ್ನಡದಲ್ಲೇ ಹೇಳಿದರು.

"ಎಲುಬಿನ ಟಿ.ಬಿ. ಐತ್ರಿ."

ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್. ವರಾಂಡದ ಬಿಸಿಲಿನಲ್ಲಿ ಮಂಚ. ಮಳೆಗಾಲ ಬಂತು, ಹೋಯಿತು. ಆಕಾಶ ಬಿಟ್ಟರೆ ಚಾವಣಿ, ಮತ್ತೇನೂ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಆ ದಾರಿಯಲ್ಲಿ ನಡೆಯುತ್ತಿದ್ದೆ, ಪ್ರತಿ ಸಲವೂ ಬುಡದಲ್ಲೇ ನಿಂತುಬಿಡುತ್ತಿದ್ದೆ, ಯಾಕೆಂದರೆ ಮೇಲಿನಿಂದ ಕಾಣುವುದನ್ನು ಚಿತ್ರಗಾರ್ತಿಯ ಕಣ್ಣಿನಿಂದ ಒಮ್ಮೆಯೂ ನೋಡಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ರೋಗ ಹಾಗೇ ಇತ್ತು.

"ಆಪರೇಷನ್ ಮಾಡಿ ಮೊಣಕಾಲಿನ ಮ್ಯಾಲಿಂದು, ಕೆಳಗಿಂದು ಎರಡೂ ಎಲುಬು ಕೂಡಸ್ತೇವ್ರಿ," ಎಂದರು ಡಾಕ್ಟರು. "ಕಾಲು ಉಳೀತದ, ನೋವು ಹೋಗ್ತದ. ಆದ್ರ ಮೊಣಕಾಲು ಮತ್ತೆಂದೂ ಮಡಚೂದಿಲ್ಲ."

"ಮೆಟ್ಟಲಾ ಏರಾಕ ಬರ್ತದೇನ್ರಿ?"

"ತ್ರಾಸ ಆಗ್ತದ. ಆದ್ರ ಬರ್ತದ."

ನೋಡಲು ಬಂದಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಲಿ ಮುಂದ ಹೆಂಗ ಕುಂದ್ರತಿ? ಬಸದ್ಯಾಗ ದೇವರಿಗೆ ಹೆಂಗ ಅಡ್ಡ ಬೀಳತಿ?"

"ನಿಂತ ಅಡಗಿ ಮಾಡ್ತೇನ್ರಿ. ನಿಂತ ಕೈ ಮುಗೀತೇನ್ರಿ ಅತ್ತಿ. ಬಾಹುಬಲಿನೂ ನಿಂತಾನಲ್ರಿ!"

ಅಳುತ್ತಿದ್ದವರು ನಕ್ಕುಬಿಟ್ಟರು.

ಆಪರೇಷನ್ನಿನ ನೆನಪು ಹೆಚ್ಚಿಲ್ಲ. ಈಥರ್ ವಾಸನೆ. ವಾಂತಿ. ಕಣ್ಣು ತೆರೆದಾಗ ಮೊದಲು ಹುಡುಕಿದ್ದು ಕಾಲಿನ ಹೆಬ್ಬೆರಳನ್ನು. ಇತ್ತು. ಆಮೇಲೆ ಮತ್ತೆ ಪ್ಲಾಸ್ಟರ್, ಮತ್ತೆ ಕಾಯುವುದು. ಬಿಚ್ಚಿದ ದಿನ ನೆಲಕ್ಕೆ ಊರಿದ ಕಾಲು ನನ್ನದೆನ್ನಿಸಲಿಲ್ಲ. ಒಣಗಿದ ಕೊರಡು. ಅದನ್ನು ಹೊರಮಗ್ಗುಲಿಗೆ ಬೀಸಿ ಮುಂದಿಡಬೇಕು. ವಾರ್ಡಿನ ಗೋಡೆ ಹಿಡಿದು ಕಲಿತೆ. ಬಿದ್ದೆ. ಮತ್ತೆ ಕಲಿತೆ.

ಮನೆಗೆ ಬಂದಾಗ ನಮ್ಮ ಮನೆಯವರು ಒಲೆಯನ್ನು ಕಟ್ಟೆಯ ಮೇಲೆ ಏರಿಸಿದ್ದರು. ಬಡಿಗನಿಂದ ಚಿತ್ರಕ್ಕೆ ಎತ್ತರದ ಸ್ಟ್ಯಾಂಡೂ ಮಾಡಿಸಿದ್ದರು. ಮೊದಲು ಮೂಗು ಮುರಿದಿದ್ದ ಅತ್ತೆ, ಕೆಲವು ದಿನಗಳಲ್ಲಿ ತಾವೂ ನಿಂತೇ ರೊಟ್ಟಿ ಬಡಿಯತೊಡಗಿದರು. "ನಡಕ್ಕ ಇದ ಚಲೋ ಐತಿ," ಎಂದರು.

ಚಳಿಗಾಲದಲ್ಲಿ ಮೂವರೂ ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋದೆವು.

"ಡೋಲಿ ತರಸ್ಲೇನು?" ಮನೆಯವರು ಕೇಳಿದರು.

"ಬ್ಯಾಡ್ರಿ."

ಎಡಗಾಲು ಮೇಲಿಟ್ಟು ಬಲಗಾಲನ್ನು ಎಳೆದುಕೊಳ್ಳುವುದು. ಒಂದೊಂದು ಮೆಟ್ಟಿಲಿಗೂ ಅದೇ. ಬೆವರು ಕಣ್ಣಿಗಿಳಿಯುತ್ತಿತ್ತು. ಮನೆಯವರು ಸ್ಟ್ಯಾಂಡು ಹೊತ್ತಿದ್ದರು. ಬಣ್ಣದ ಪೆಟ್ಟಿಗೆ ಅತ್ತೆಯ ಕಂಕುಳಲ್ಲಿತ್ತು. ಕೆಳಗಿಳಿಯುತ್ತಿದ್ದ ಯಾತ್ರಿಕರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರೂ ಕೈ ಹಿಡಿಯಲಿಲ್ಲ, ನಾನೇ ಬೇಡವೆಂದಿದ್ದೆ.

ತುದಿ ಮುಟ್ಟಿದೆ.

ಬಸದಿಯ ಶಿಖರವನ್ನು ಬರೆಯಬೇಕೆಂದುಕೊಂಡಿದ್ದೆ. ದರ್ಶನ ಮುಗಿಸಿ ಹೊರಬಂದು ತಿರುಗಿ ನಿಂತಾಗ ವಾರಣಾ, ಕಬ್ಬಿನ ತೋಟಗಳು, ಅವುಗಳ ನಡುವೆ ಬಿಟ್ಟು ಬಿಟ್ಟು ಕಾಣುವ ಬಿಳಿಯ ದಾರಿ, ಎಲ್ಲ ಒಮ್ಮೆಲೇ ಕಂಡವು. ವರ್ಷಗಟ್ಟಲೆ ತುಂಡು ತುಂಡಾಗಿ ನೋಡಿದ್ದು ಒಂದೇ ನೋಟದಲ್ಲಿ ಹರಡಿಕೊಂಡಿತ್ತು. ಶಿಖರದ ಯೋಚನೆ ಬಿಟ್ಟೆ. ನಿಂತೇ ಆ ನೋಟವನ್ನು ಬರೆದೆ, ಬಿಸಿಲು ಇಳಿಯುವವರೆಗೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಚಿತ್ರ ಅದುವರೆಗೆ ಬಂದಿರಲಿಲ್ಲ.

ಚಳಿಯಲ್ಲಿ ಈಗಲೂ ಸೊಂಟ ಹಿಡಿಯುತ್ತದೆ. ರೋಗ ಮರಳಬಹುದೆಂದು ಡಾಕ್ಟರು ಎಚ್ಚರಿಸಿದ್ದಾರೆ. ಕರೆದಾಗಲೆಲ್ಲ ಹೋಗಿ ತೋರಿಸಿಕೊಂಡು ಬರುತ್ತೇನೆ. ಅವರ ಋಣ ದೊಡ್ಡದು.

ನಿನ್ನೆ ಅತ್ತೆ ಹಾಸಿಗೆ ಸುತ್ತುವ ಹಗ್ಗ ಹುಡುಕುತ್ತಿದ್ದರು. ಯಾಕೆಂದು ಕೇಳಿದೆ.

"ಶ್ರವಣಬೆಳಗೊಳಕ್ಕ ಹೋಗೂಣು," ಎಂದರು. "ಅಲ್ಲಿ ಗುಡ್ಡ ಇದಕ್ಕಿಂತ ಎತ್ತರ ಐತಂತ. ಏರ್ತಿ ಹೌದಿಲ್ಲೋ?"