ಎಡಗೈಗೊಂದು ಚಾಕು

"ಆಗಂಗಿಲ್ರಿ ಅಕ್ಕಾರ. ಇಂಥಾ ಚಾಕು ಮಾಡಿಕೊಟ್ರ ಮನ್ಯಾಗ ಉಳಿದೋರು ಕೈ ಕೊಯ್ಕೋತಾರ."

ಕಳೆದ ವಾರ ಇಂಡಿ ಪಟ್ಟಣದ ಕಂಬಾರ ಮೌನೇಶಪ್ಪ ನನ್ನ ಮುಖಕ್ಕೇ ಹೀಗೆ ಹೇಳಿದ. ನಾನೇನು ಯುದ್ಧಕ್ಕೆ ಕತ್ತಿ ಕೇಳಿದ್ದೆನೇ? ಉಳ್ಳಾಗಡ್ಡಿ ಹೆಚ್ಚುವ ಚಾಕು. ಎಡಗೈಗೆ.

ಹೌದು, ನಾನು ಎಡಚಿ. ಬರೆಯುವುದೂ ಎಡಗೈಯಲ್ಲೇ (ಈ ಅಂಕಣ ಕೂಡ). ಆಫೀಸಿನಲ್ಲಿ ಯಾರದೂ ತಕರಾರಿಲ್ಲ. ಅಡುಗೆಮನೆಯಲ್ಲಿ ಮಾತ್ರ ಮದುವೆಯಾಗಿ ಬಂದಂದಿನಿಂದ ಕೇಸು ನಡೆದೇ ಇದೆ. ನಾನು ಹೆಚ್ಚಿದ ಹೋಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅತ್ತೆ ತಟ್ಟೆ ಎಳೆದುಕೊಂಡು ಮತ್ತೆ ಹೆಚ್ಚುತ್ತಾರೆ. ನೆಂಟರಿದ್ದರೆ ದನಿ ಏರಿಸಿಯೇ, "ಎಡಗೈ ನೋಡ್ರಿ, ಆಕಿಗೆ ಬಗಿಹರಿಯಂಗಿಲ್ಲ" ಎನ್ನುತ್ತಾರೆ.

ಸಿಟ್ಟು ಬರುತ್ತದೆ. ನುಂಗಿಕೊಂಡು ರೊಟ್ಟಿ ಬಡಿದಿದ್ದೇನೆ.

ಇಂಡಿಗೆ ಹೋಗುವ ಹಿಂದಿನ ದಿನ ಅಡುಗೆಮನೆಯ ಹಳೆಯ ಚಾಕುವನ್ನು ತೊಳೆದು ಬೆಳಕಿಗೆ ಹಿಡಿದೆ. ಕುಲುಮೆಯಲ್ಲಿ ಮಾಡಿಸಿದ್ದು. ಸಾಣೆ ಹಿಡಿದಿರುವುದು ಒಂದೇ ಮಗ್ಗುಲಿಗೆ! ಬಲಗಡೆ ಇಳಿಜಾರು, ಎಡಗಡೆ ಸಪಾಟು. ಬಲಗೈಯಲ್ಲಿ ನೆಟ್ಟಗೆ ಇಳಿಯುತ್ತದೆ, ಎಡಗೈಯಲ್ಲಿ ಸೊಟ್ಟಗೆ ಜಾರುತ್ತದೆ. ಕತ್ತರಿ, ಕುಡುಗೋಲು, ಕಾಲೇಜಿನ ಪ್ಯಾಡ್ ಕುರ್ಚಿ, ಎಲ್ಲವೂ ಬಲಗೈಯವರದೇ ಎಂದು ಗೊತ್ತಿತ್ತು. ಚಾಕುವೂ ಅದೇ ಪಾರ್ಟಿ ಎಂದು ಯಾರಿಗೆ ಗೊತ್ತು?

ಅದಕ್ಕೇ ಟೆಂಪೋ ಹತ್ತಿ ಇಂಡಿಗೆ ಹೋದದ್ದು. ಹಿಡಿಕೆಗೆಂದು ತೋಟದಲ್ಲಿ ಒಣಗಿದ ಲಿಂಬೆ ಗಿಡದ ತುಂಡೊಂದು ಚೀಲದಲ್ಲಿತ್ತು.

ಮೌನೇಶಪ್ಪ ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿದಿದ್ದ. ಎದುರಿಗೆ ನಿಂತು ಚಮ್ಮಟಿಗೆ ಎತ್ತಿ ಬಡಿಯುತ್ತಿದ್ದವಳು ಹೆಂಡತಿ ಕಾಳವ್ವ. (ಆ ಕುಲುಮೆಯಲ್ಲಿ ದೊಡ್ಡ ಪೆಟ್ಟೆಲ್ಲ ಅವಳದೇ.) ಗಂಡ ಆಗಂಗಿಲ್ಲ ಎಂದದ್ದೇ ತಡ, ಅವಳು ಚಮ್ಮಟಿಗೆ ಕೆಳಗಿಟ್ಟಳು.

"ಹೆಚ್ಚೋರು ಅಕ್ಕಾರು. ನಿಮಗೇನ್ ತ್ರಾಸು? ಸಾಣಿ ಆ ಮಗ್ಗಲಕ ಹಿಡೀರಿ. ಒರಿ ಕೆಂಪು ದಾರಲೆ ಹೊಲೀರಿ, ಗುರ್ತು ಸಿಗತೈತಿ."

ಅವಳು ಬಡಿಯದಿದ್ದರೆ ಅವನ ಕೆಲಸ ನಡೆಯುವುದುಂಟೇ? ಗೊಣಗುತ್ತಲೇ ಶುರು ಮಾಡಿದ. ಅಲಗು ತಟ್ಟಿ, ನೀರಿಗದ್ದಿ ಹದ ಕೊಟ್ಟ. ಲಿಂಬೆ ಕಟ್ಟಿಗೆ ಕೆತ್ತಿ ಹಿಡಿಕೆ ಕೂರಿಸಿ, ಹಿಡಿದು ನೋಡಿ ಎಂದು ಕೊಟ್ಟ. ನನ್ನ ಹೆಬ್ಬೆರಳು ಕೂರುವಲ್ಲಿ ಇನ್ನಷ್ಟು ಸವರಿದ. ಚರ್ಮದ ಒರೆಯನ್ನೂ ತಾನೇ ಹೊಲಿದ, ಕೆಂಪು ದಾರದಲ್ಲಿ.

ಮನೆಗೆ ಬಂದು ಒರೆಯನ್ನು ಮೊಳೆಗೆ ತೂಗುಹಾಕಿ, ಕೆಂಪು ದಾರದ್ದು ನನ್ನದು ಎಂದು ಎಲ್ಲರಿಗೂ ಹೇಳಿದೆ. ಆ ರಾತ್ರಿ ಉಳ್ಳಾಗಡ್ಡಿ ಹೆಚ್ಚಿದೆ. ಹೋಳೆಲ್ಲ ಒಂದೇ ಸಮ, ತೆಳ್ಳಗೆ. ಎಷ್ಟು ಖುಷಿಯಾಯಿತೆಂದರೆ ಬೇಕಿಲ್ಲದಿದ್ದರೂ ಇನ್ನೆರಡು ಹೆಚ್ಚಿದೆ. ಅತ್ತೆ ತಟ್ಟೆ ನೋಡಿದರು. ಹೋಳನ್ನು ಹಾಗೇ ಒಗ್ಗರಣೆಗೆ ಸುರಿದರು. ಒಂದು ಮಾತು ಅಂದಿದ್ದರೆ ಏನು ಹೋಗುತ್ತಿತ್ತು?

ಭಾನುವಾರ ನೆಂಟರು ಬಂದರು. ಬಜಿ ಮಾಡುವ ಗಡಿಬಿಡಿಯಲ್ಲಿ ಅತ್ತೆ ಕೈಗೆ ಸಿಕ್ಕಿದ್ದು ನನ್ನ ಚಾಕು. ಬಲಗೈಯಲ್ಲಿ ಹಿಡಿದು ಹೆಚ್ಚತೊಡಗಿದರು. ಹೋಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮತ್ತೊಂದು ಹೆಚ್ಚಿದರು. ಅದೂ ಹಾಗೇ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಾದೆ. ಈಗಲಾದರೂ ತಿಳಿಯಿತೇ?

ಅತ್ತೆ ಚಾಕುವನ್ನು ತಿರುಗಿಸಿ ನೋಡಿ, ನೆಂಟರಿಗೆ ಕೇಳುವಂತೆಯೇ ಹೇಳಿದರು: "ಈ ಚಾಕು ಸರಿ ಇಲ್ಲ ಬಿಡವಾ."

ನಾನು ಸೊಟ್ಟಗೆ ಹೆಚ್ಚಿದರೆ ಕೈ ಸರಿಯಿಲ್ಲ, ಅವರು ಸೊಟ್ಟಗೆ ಹೆಚ್ಚಿದರೆ ಚಾಕು ಸರಿಯಿಲ್ಲ. ಇದ್ಯಾವ ನ್ಯಾಯ, ನೀವೇ ಹೇಳಿ?