ಹೇನಿನ ಎಣ್ಣಿ

ಕಳೆದ ವಾರ ಟ್ರಂಕಿನ ತಳದಲ್ಲಿದ್ದ ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹಾಕೋಣವೆಂದು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮನೆಯವರಿಗೆ ಅದು ಹಳೆಯ ಬಟ್ಟೆಯ ವಾಸನೆ. ನನಗೆ ಮಾತ್ರ ಅದು ನಾನು ಎಂ.ಎಸ್ಸಿ. ಓದಿದ ಕೀಟಶಾಸ್ತ್ರ ವಿಭಾಗದ ವಾಸನೆ... ಉದ್ದನೆಯ ಕೋಣೆ, ಗೋಡೆಗೆ ಒತ್ತಿ ನಿಂತ ಬೀರುಗಳು, ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಸೂಜಿ ಚುಚ್ಚಿಸಿಕೊಂಡು ಸಾಲಾಗಿ ಕೂತ ಹುಳಗಳು. ಅವುಗಳ ನಡುವೆ ಕನ್ನಡಕ ಹಣೆಗೇರಿಸಿಕೊಂಡು ಓಡಾಡುತ್ತಿದ್ದ ನಮ್ಮ ಸರ್.

ವಿಭಾಗದ ಇತಿಹಾಸವನ್ನು ಅವರು ಆ ಪೆಟ್ಟಿಗೆಗಳನ್ನು ತೋರಿಸುತ್ತಲೇ ಹೇಳುತ್ತಿದ್ದರು. ಮೊದಲಿಗೆ ಇದ್ದದ್ದು ಒಂದೇ ಕೋಣೆ, ಒಂದೇ ಸೂಕ್ಷ್ಮದರ್ಶಕ. ಅದರಲ್ಲಿ ಇಣುಕಲು ಪಾಳಿ ಹಚ್ಚಬೇಕಿತ್ತಂತೆ. ಹಳೆಯ ಪೆಟ್ಟಿಗೆಗಳ ತುಂಬ ಜೋಳದ ಹುಳಗಳು. ಬರಬರುತ್ತ ಹತ್ತಿಯ ಹುಳಗಳು ಬೀರುಗಳನ್ನೆಲ್ಲ ಆಕ್ರಮಿಸಿದ್ದವು. ಪ್ರತಿ ಹುಳದ ಕೆಳಗೂ ಅದು ಸಿಕ್ಕ ಊರಿನ ಹೆಸರು ಬರೆದ ಸಣ್ಣ ಚೀಟಿ: ಕಿತ್ತೂರು, ಮುನವಳ್ಳಿ, ಸಿರಸಂಗಿ, ರಾಮದುರ್ಗ. “ರೈತರ ಬೆಳಿ ತಿಂದು ಹುಳಾ ಬೆಳದ್ವು, ಆ ಹುಳಾ ತಿಂದು ನಾವು ಬೆಳದ್ವಿ” ಎಂದು ಅವರು ನಕ್ಕರೆ ಆಚೆ ಕೋಣೆಯ ಗುಮಾಸ್ತರೂ ನಗುತ್ತಿದ್ದರು.

ಅವರು ರಾಮದುರ್ಗದ ಕಡೆಯವರು. ಉಳಿದ ಪ್ರಾಧ್ಯಾಪಕರು ಹಳ್ಳಿಯ ಸಭೆಗಳಲ್ಲಿ ‘ಸಸ್ಯಹೇನು’, ‘ಕೀಟನಾಶಕ’ ಎಂದು ಪುಸ್ತಕದ ಕನ್ನಡದಲ್ಲಿ ಹೇಳುತ್ತ ಹೋದರೆ ಜನ ಎಲೆ ಅಡಿಕೆ ಬಿಚ್ಚಿಕೊಳ್ಳುತ್ತಿದ್ದರು. ಇವರು ಎದ್ದು ನಿಂತರೆ ಹಿಂದೆ ಕೂತವರು ಮುಂದೆ ಸರಿದು ಬರುತ್ತಿದ್ದರು. ಸಸ್ಯಹೇನು ಅವರ ಬಾಯಲ್ಲಿ ಬರೀ ಹೇನು. ಕೀಟನಾಶಕಕ್ಕೆ ನಮ್ಮ ಕಡೆ ಎಲ್ಲರೂ ಅನ್ನುವಂತೆ ಅವರೂ ಎಣ್ಣಿ ಎನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಪ್ರಬಂಧಕ್ಕಾಗಿ ಬೈಲಹೊಂಗಲ ತಾಲೂಕಿನ ಹತ್ತಿ ಹೊಲಗಳಲ್ಲಿ ಹುಳ ಎಣಿಸುವ ಕೆಲಸ. ನೇಸರಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ಆ ಸಂಜೆ ಸಭೆ ಇತ್ತು. ಸರ್ ಒಂದು ಹತ್ತಿ ಗಿಡ ಕಿತ್ತು ತಂದು, ಅದರ ತುದಿಯನ್ನು ಮಗುವಿನ ತಲೆಯಂತೆ ಸವರುತ್ತ ಹೇಳಿದರು: “ನಿಮ್ಮ ಹತ್ತಿ ತಲ್ಯಾಗ ಹೇನಾಗ್ಯಾವ್ರಿ. ಕೆರಕೊಳ್ಳಾಕ ಪಾಪ ಅದಕ್ಕ ಕೈ ಇಲ್ಲ. ನೀವ ಒಂದೀಟ ಎಣ್ಣಿ ಹಾಕ್ರಿ.” ಜನ ಬಿದ್ದು ಬಿದ್ದು ನಕ್ಕರು. ಯಾವ ಎಣ್ಣಿ ಎಂದು ಸರ್ ಬಾಟಲಿ ಎತ್ತಿ ತೋರಿಸಿದರು. ಕೊಡ ಹೊತ್ತು ಹೋಗುತ್ತಿದ್ದ ಹೆಣ್ಣುಮಕ್ಕಳೂ ಗಳಿಗೆ ನಿಂತು, ನಕ್ಕು, ಮುಂದೆ ಹೋದರು.

ಮರುದಿನ ಬೆಳಿಗ್ಗೆ ಅದೇ ಊರ ಹೊಲದಲ್ಲಿ ಎಲೆ ತಿರುಗಿಸಿ ನೋಡುತ್ತಿದ್ದೆವು. ಒಬ್ಬ ತಾಯಿ ಬದುವಿನ ಮೇಲೆ ಓಡಿ ಬಂದಳು. ಮಗಳ ಬಾಯಲ್ಲಿ ಜೊಲ್ಲು ಸುರಿಯುತ್ತಿದೆ, ನಿಲ್ಲಲಿಕ್ಕೂ ಆಗುತ್ತಿಲ್ಲ, ನಿಮ್ಮ ಜೀಪು ಇದೆಯಲ್ಲ ಎಂದಳು. ಹೋಗಿ ನೋಡಿದರೆ ನಾಲ್ಕನೆಯದೋ ಐದನೆಯದೋ ಓದುವ ಹುಡುಗಿ, ಕಂಬಕ್ಕೆ ಒರಗಿ ಕೂತಿದೆ. ಮೈಯೆಲ್ಲ ಬೆವರು. ಸರ್ ಬಗ್ಗಿ ಅದರ ಕಣ್ಣೆವೆ ಎತ್ತಿದರು. ಕಣ್ಣಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ತಲೆಯನ್ನು ಮೂಸಿದರು. ಏನು ಹಚ್ಚಿದೆ ಎಂದು ಕೇಳಿದ ಅವರ ದನಿ ನಾನು ಅದುವರೆಗೆ ಕೇಳಿದ ದನಿಯಾಗಿರಲಿಲ್ಲ.

“ನೀವ ನಿನ್ನೆ ಹೇಳಿದ್ರೆಲ್ರಿ ಸಾಹೇಬ್ರ, ಹೇನಿಗೆ ಆ ಎಣ್ಣಿ ಛಲೋ ಅಂತ. ಕೊಬ್ಬರಿ ಎಣ್ಣ್ಯಾಗ ತುಸು ಕಲಸಿ ಹಚ್ಚೀನ್ರಿ.”

ಆಮೇಲಿನದೆಲ್ಲ ನನ್ನೊಳಗೆ ಇನ್ನೂ ನಡೆಯುತ್ತಲೇ ಇದೆ. ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಸಾಬೂನು ಹಚ್ಚಿ ನಾನು ಆ ತಲೆ ತೊಳೆಯುತ್ತಿದ್ದೇನೆ. ಕೂದಲು ದಟ್ಟ, ಸೊಂಟದವರೆಗೆ. ಎಷ್ಟು ನೀರು ಹೊಯ್ದರೂ ಜಿಡ್ಡು ಹೋಗುತ್ತಿಲ್ಲ. ಹುಡುಗಿಯ ಕುತ್ತಿಗೆ ನನ್ನ ಕೈಯಲ್ಲಿ ವಾಲುತ್ತಿದೆ... ಎಲೆ ಕತ್ತರಿಸಲು ತಂದಿದ್ದ ಕತ್ತರಿಯನ್ನು ಸರ್ ಚೀಲದಿಂದ ತೆಗೆದರು. ತಾಯಿ ಅವರ ಕೈ ಹಿಡಿದಳು. ಅದು ಸವದತ್ತಿ ಗುಡ್ಡದ ದೇವಿಗೆ ಹರಕೆ ಹೊತ್ತು ಬಿಟ್ಟ ಕೂದಲು, ಕತ್ತರಿ ತಾಕಿಸಬೇಡಿ ಎಂದು ಅಳತೊಡಗಿದಳು.

“ಕೂದಲ ಮತ್ತ ಬರ್ತಾವ ಯವ್ವಾ. ಹುಡುಗಿ ಬರೂದಿಲ್ಲ.”

ಸರ್ ತಾವೇ ಕತ್ತರಿಸಿದರು. ಜೀಪಿನಲ್ಲಿ ಹುಡುಗಿಯನ್ನು ನನ್ನ ತೊಡೆಯ ಮೇಲೆ ಒಂದು ಮಗ್ಗುಲಾಗಿ ಮಲಗಿಸಿಕೊಂಡೆ. ಉಸಿರು ನೀರಿನೊಳಗಿಂದ ಬಂದಂತೆ ಗೊರಗೊರ ಎನ್ನುತ್ತಿತ್ತು. ನಡುವೆ ಒಮ್ಮೆ ಆ ಸದ್ದು ನಿಂತೇ ಹೋಯಿತು. ನಾನು ಸರ್ ಅವರ ಅಂಗಿ ಜಗ್ಗಿದೆ. ಅವರು ತಿರುಗಿ ನೋಡುವಷ್ಟರಲ್ಲಿ ಅದು ಮತ್ತೆ ಶುರುವಾಯಿತು. ಈಗಲೂ ಯಾರಾದರೂ ಮಗುವಿನ ತಲೆಗೆ ಎಣ್ಣೆ ಹಚ್ಚುವುದನ್ನು ಕಂಡರೆ ನಾನು ಆ ಮಗು ಉಸಿರಾಡುತ್ತಿದೆಯೇ ಎಂದು ನೋಡುತ್ತೇನೆ.

ಬೈಲಹೊಂಗಲದ ಆಸ್ಪತ್ರೆಯಲ್ಲಿ ಡಾಕ್ಟರು ಒಂದರ ಹಿಂದೊಂದು ಚುಚ್ಚುಮದ್ದು ಕೊಟ್ಟರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಣ್ಣಪಾಪೆ ಅರಳಿತು. ಹುಡುಗಿ ನೀರು ಕೇಳಿತು. ತಲೆಗೆ ಕೈ ಹೋಯಿತು. ಕೂದಲಿಲ್ಲದ್ದು ತಿಳಿದು ಜೋರಾಗಿ ಅತ್ತಿತು. ಆ ಅಳು ಕೇಳಿ ತಾಯಿ ನಕ್ಕಳು. ಸರ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಪಾರಾದಳು ಎಂದು ಹೇಳಿದೆ. ತಲೆಯಾಡಿಸಿದರು. “ಅವರವ್ವ ತಪ್ಪ ಕೇಳಿಸಿಕೊಂಡಿಲ್ಲ. ನಾ ಅಂದದ್ದನ್ನ ಕೇಳ್ಯಾಳ” ಎಂದರು.

ಅಂದಿನಿಂದ ಅವರು ಎಣ್ಣಿ ಎನ್ನುವುದನ್ನು ಬಿಟ್ಟರು. ಔಷಧ ಅನ್ನುವುದನ್ನೂ. ವಿಷ ಎಂದೇ ಹೇಳುತ್ತಿದ್ದರು. ವಿಭಾಗದ ಕರಪತ್ರಗಳಲ್ಲೂ ಹಾಗೇ ಅಚ್ಚಾಗಬೇಕೆಂದು ಹಟ ಹಿಡಿದರು. ಸಹೋದ್ಯೋಗಿಗಳು ಗೊಣಗಿದರು. ಸವದತ್ತಿಯ ಅಂಗಡಿಕಾರರೊಬ್ಬರು ವಿಭಾಗದವರೆಗೂ ಬಂದು, “ಸರ್, ವಿಷ ಅಂದ್ರ ನನ್ನ ಅಂಗಡಿ ಮುಂದ ಪೊಲೀಸರಷ್ಟ ನಿಂತಿರ್ತಾರ್ರಿ” ಎಂದು ಕೈ ಮುಗಿದರು. ಮೊದಲಿನ ಸರ್ ಆಗಿದ್ದರೆ ಅದಕ್ಕೊಂದು ತಿರುಗೇಟು ಕೊಡುತ್ತಿದ್ದರು. ಅವತ್ತು ಚಹಾ ತರಿಸಿಕೊಟ್ಟು ಕಳಿಸಿದರು. ಸಭೆಗಳಿಗೆ ಹೋಗುತ್ತಿದ್ದರು, ಆದರೆ ಮೊದಲೇ ಬರೆದುಕೊಂಡ ಹಾಳೆ ನೋಡಿ ಓದುತ್ತಿದ್ದರು. ಜನ ಮುಂದೆ ಸರಿದು ಬರುವುದು ನಿಂತಿತು. ಹಾಳೆಯಿಂದ ತಲೆಯೆತ್ತಿ ಒಂದೇ ಒಂದು ಸಲ ನಗಿಸಲಿ ಎಂದು ನಾನು ಹಿಂದೆ ನಿಂತು ಕಾಯುತ್ತಿದ್ದೆ...

ಓದು ಮುಗಿಸಿ, ಮದುವೆಯಾಗಿ ನಾನು ಮೈಸೂರಿಗೆ ಬಂದೆ. ಹೊಸ ಬಗೆಯ ಹತ್ತಿ ಬೀಜ ನಮ್ಮ ಕಡೆಯ ಹೊಲಗಳಿಗೆ ಬಂದು ಕೆಲವು ವರ್ಷಗಳಾಗಿದ್ದಾಗ ತವರಿಗೆ ಹೋದವಳು ವಿಭಾಗಕ್ಕೂ ಹೋಗಿದ್ದೆ. ನಿವೃತ್ತಿಯ ಹೊಸ್ತಿಲಲ್ಲಿದ್ದ ಸರ್ ಬೀರುಗಳ ಬೀಗದಕೈಗಳನ್ನು ಬೇರೊಬ್ಬರಿಗೆ ಒಪ್ಪಿಸುತ್ತಿದ್ದರು. ನನ್ನನ್ನು ಕಂಡೊಡನೆ, ಕೇಳದೆಯೇ, ಆ ಹುಡುಗಿಯ ಊರಿಗೆ ಹೋಗಿದ್ದೆ ಎಂದರು. ಆ ತಾಯಿ ಅವರನ್ನು ಕೂರಿಸಿ, ನೀರು ಕೊಟ್ಟು, ಮಗಳನ್ನು ಕರೆದಳಂತೆ. ಬೆಳೆದ ಹುಡುಗಿ ಹೊಸ್ತಿಲಿಗೆ ಬಂದು, ಇವರನ್ನು ನೋಡಿದ್ದೇ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಓಡಿದಳಂತೆ.

“ಓಡಿದ್ಲು ನೋಡು. ಎಂಥಾ ಓಟ ಅಂತಿ. ನಾ ಅವರವ್ವಗ ಅಂದ್ನಿ, ಕರೀಬ್ಯಾಡ ಬಿಡು ಯವ್ವಾ, ನನಗ ಇಷ್ಟೇ ನೋಡಬೇಕಾಗಿತ್ತು.”

ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಚೆ ಕೋಣೆಯಿಂದ ಯಾರೋ ಇಣುಕಿ ನೋಡಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರು ಹೋದ ಸುದ್ದಿ ಗೆಳತಿಯೊಬ್ಬಳ ಫೋನಿನಲ್ಲಿ, ಎಲ್ಲ ಮುಗಿದು ಎಷ್ಟೋ ದಿನಗಳ ಮೇಲೆ ನನಗೆ ತಲುಪಿತು. ಸೀರೆಗಳನ್ನು ಬಿಸಿಲಿಗೆ ಹಾಕಿದ ದಿನ ಗಂಡನೆದುರು ಆ ಓಟದ ಮಾತು ಹೇಳಿದೆ, ಸರ್ ಹೇಳಿದಂತೆಯೇ, ನಮ್ಮ ಕಡೆಯ ಮಾತಿನಲ್ಲೇ. ಇಷ್ಟು ವರ್ಷ ಈ ಸೀಮೆಯಲ್ಲಿದ್ದು ನನ್ನ ನಾಲಿಗೆಯೂ ಬದಲಾಗಿದೆಯೋ ಏನೋ... ಗಂಡ ಮುಂದಿನದಕ್ಕಾಗಿ ಕಾದರು. ಆಮೇಲೇನಾಯಿತು ಎಂದು ಕೇಳಿದರು. ಆಮೇಲೇನೂ ಇಲ್ಲ, ಅಷ್ಟೇ, ಸರ್ ಹೇಳಿದರೆ ನಗು ಬರುತ್ತಿತ್ತು ಎಂದೆ.